ದಾನದ ವಸತಿ ಶಾಲೆ: ಕಟ್ಟಡ ಸಿಕ್ಕಿದೆ, ಮಕ್ಕಳನ್ನು ಸೇರಿಸಿಕೊಳ್ಳುವ ಮೊದಲು ಏನೇನು ನೋಡಬೇಕು?

ಹೊಸಚಿಗುರು:
ಒಂದು ಟ್ರಸ್ಟ್‌ಗೆ ಎರಡಂತಸ್ತಿನ ಕಟ್ಟಡ ದಾನವಾಗಿ ಬಂದಿದೆ. ದೂರದ ಹಳ್ಳಿಗಳ ಬಡ ಮಕ್ಕಳಿಗೆ 5ರಿಂದ 10ನೇ ತರಗತಿವರೆಗೆ ಉಚಿತ ವಸತಿ ಶಾಲೆ ನಡೆಸುವ ಆಲೋಚನೆ. ಒಟ್ಟು 120 ಮಕ್ಕಳು, ಅರ್ಧದಷ್ಟು ಹುಡುಗಿಯರು. ಮೊದಲ ವರ್ಷವೇ 120 ಮಕ್ಕಳನ್ನೂ ತುಂಬಿಸಿಬಿಡಿ ಎಂಬುದು ದಾನಿಗಳ ಆಸೆ. ಮಂಚ, ಪಾತ್ರೆ, ಸಮವಸ್ತ್ರ, ಪುಸ್ತಕದ ಪಟ್ಟಿ ಸಿದ್ಧವಿದೆ. ಆ ಪಟ್ಟಿಯಲ್ಲಿ ಇಲ್ಲದ್ದು ಏನು, ಮೊದಲು ಕೈಕೊಡುವುದು ಯಾವುದು, ಬಲ್ಲವರು ತಿಳಿಸಿ.

ಲೆಕ್ಕಪತ್ರ:
ಒಂದೇ ಸಲ 120 ಬೇಡ. 5ನೇ ತರಗತಿಗೆ ಸೇರಿದ ಒಂದು ಮಗು ಎಂದರೆ ಆರು ವರ್ಷದ ಮಾತು ಕೊಟ್ಟಂತೆ. ವರ್ಷಕ್ಕೆ 20 ಮಕ್ಕಳಂತೆ ತೆಗೆದುಕೊಂಡರೂ ಆರನೇ ವರ್ಷಕ್ಕೆ 120 ಆಗಿಯೇ ಆಗುತ್ತದೆ. ದಾನಿಯ ಕಣ್ಣಿಗೆ ಬೀಳುವುದು ಮೊದಲ ವರ್ಷದ ಖರ್ಚು. ಬೆಲೆ ಏರಿಕೆಯನ್ನು ಬದಿಗಿಟ್ಟರೂ ಆರನೇ ವರ್ಷದಲ್ಲಿ ಊಟ, ಬಟ್ಟೆ, ಪುಸ್ತಕದ ಖರ್ಚು ಅದರ ಆರುಪಟ್ಟಾಗಿರುತ್ತದೆ. ಮೂರನೇ ವರ್ಷ ದುಡ್ಡು ಸಾಲದೆ ಹೋದರೆ ಏಳನೇ ತರಗತಿಯ ಮಗುವನ್ನು ಅರ್ಧದಲ್ಲಿ ವಾಪಸ್ ಕಳಿಸಬೇಕಾಗುತ್ತದೆ. ಆ ಹೊತ್ತಿಗೆ ಹಳ್ಳಿಯ ಶಾಲೆಯಲ್ಲಿ ಅದರ ಹೆಸರೂ ಇರುವುದಿಲ್ಲ, ಜೊತೆಗಾರರೂ ಇರುವುದಿಲ್ಲ. ಸೇರಿಸಿಕೊಳ್ಳದೆ ಇದ್ದಿದ್ದರೇ ಅದಕ್ಕೆ ಒಳ್ಳೆಯದಿತ್ತು.

ನನ್ನ ಲೆಕ್ಕ ಹೀಗೆ. ಒಂದು ವರ್ಷದ ಪೂರ್ತಿ ಖರ್ಚು ಕೈಯಲ್ಲಿ ಬೇರೆ ಇರಬೇಕು, ಅದನ್ನು ಮುಟ್ಟುವಂತಿಲ್ಲ. ಮೂಲನಿಧಿ ಇಟ್ಟು ಅದರ ಹುಟ್ಟುವಳಿಯಲ್ಲಿ ನಡೆಸುವುದಾದರೆ ವರ್ಷಕ್ಕೆ ನಿಧಿಯ ನೂರಕ್ಕೆ 4ರಷ್ಟನ್ನು ಮಾತ್ರ ತೆಗೆಯಿರಿ. ಅಂದರೆ ವಾರ್ಷಿಕ ಖರ್ಚಿನ 25 ಪಟ್ಟು ನಿಧಿ ಬೇಕು. ಅಷ್ಟು ಇಲ್ಲದವರು ಪ್ರತಿ ಮಗುವಿಗೂ ಆರು ವರ್ಷದ ಲಿಖಿತ ಒಪ್ಪಿಗೆ ಕೊಡುವ ದಾನಿಗಳನ್ನು ಹುಡುಕಬೇಕು. ಒಂದು ಮಗುವಿಗೆ ಒಬ್ಬನೇ ದಾನಿ ಎಂದು ಕಟ್ಟಿಹಾಕಬೇಡಿ, ಆ ದಾನಿ ಹಿಂದೆ ಸರಿದರೆ ಆ ಮಗುವೇ ಬೀದಿಗೆ ಬೀಳುತ್ತದೆ. ಎಲ್ಲವೂ ಒಂದೇ ನಿಧಿಗೆ ಬರಲಿ.

ಕೈಕೊಡುವ ಇನ್ನೊಂದು ಜಾಗ ಸಂಬಳ. 'ಒಬ್ಬ ವಾರ್ಡನ್' ಎಂದು ಬಜೆಟ್‌ನಲ್ಲಿ ಬರೆದಿರುತ್ತಾರೆ. ವಾರಕ್ಕೆ 168 ಗಂಟೆ ಇವೆ. ಒಬ್ಬರು ವಾರಕ್ಕೆ 48 ಗಂಟೆ ದುಡಿದರೆ ಒಂದೇ ಒಂದು ಜಾಗ ಸದಾ ತುಂಬಿರಲು ಮೂರೂವರೆ ಜನ ಬೇಕು. ರಜೆ, ಕಾಯಿಲೆ ಸೇರಿಸಿದರೆ ನಾಲ್ವರು. ಹುಡುಗರ ಕಡೆ ನಾಲ್ವರು, ಹುಡುಗಿಯರ ಕಡೆ ನಾಲ್ವರು. ಇದನ್ನು ಒಬ್ಬೊಬ್ಬರ ಮೇಲೆ ಹೇರಿದ ಕಡೆ ಎರಡೇ ವರ್ಷದಲ್ಲಿ ವಾರ್ಡನ್ ಬಿಟ್ಟು ಹೋಗುತ್ತಾರೆ, ಇಲ್ಲವೇ ರಾತ್ರಿಯ ಜವಾಬ್ದಾರಿ ಸದ್ದಿಲ್ಲದೆ 10ನೇ ತರಗತಿಯ ಹುಡುಗರ ಕೈಗೆ ಹೋಗುತ್ತದೆ. ದೊಡ್ಡ ಮಕ್ಕಳು ಚಿಕ್ಕವರಿಗೆ ಹೊಡೆಯುವುದು, ಅವರಿಂದ ಬಟ್ಟೆ ಒಗೆಸಿಕೊಳ್ಳುವುದು ಶುರುವಾಗುವುದೇ ಅಲ್ಲಿಂದ.

ಓದುಬರಹ:
ಲೆಕ್ಕಪತ್ರ ಸರ್ ಹೇಳಿದ್ದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಈ ಮಗು ಮನೆ ಬಿಡಲೇಬೇಕೇ?

ಮಕ್ಕಳ ಪರ್ಯಾಯ ಆರೈಕೆಯ ಬಗ್ಗೆ ವಿಶ್ವಸಂಸ್ಥೆ 2009ರಲ್ಲಿ ಒಪ್ಪಿದ ಮಾರ್ಗಸೂಚಿಯಲ್ಲಿ, ಬಡತನವೊಂದೇ ಮಗುವನ್ನು ತಂದೆ ತಾಯಿಯಿಂದ ಬೇರ್ಪಡಿಸಲು ಕಾರಣವಾಗಬಾರದು ಎಂದು ಸ್ಪಷ್ಟವಾಗಿದೆ. ಅದನ್ನು ಮಕ್ಕಳ ಆರೈಕೆ ಕೇಂದ್ರಗಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದಾರೆ ನಿಜ, ಆದರೆ ವಸತಿ ಶಾಲೆಯ ಬಾಗಿಲಲ್ಲೂ ಆ ಮಾತು ನೆನಪಿರಬೇಕು. ಬಿಹಾರದಲ್ಲಿ 2006ರಲ್ಲಿ ಶುರುವಾದ ಯೋಜನೆಯೊಂದು ಒಂಬತ್ತನೇ ತರಗತಿ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಟ್ಟಿತು. ಅಷ್ಟಕ್ಕೇ ಪ್ರೌಢಶಾಲೆಯಲ್ಲಿ ಹುಡುಗಿಯರ ದಾಖಲಾತಿ ಸುಮಾರು ಮೂರನೇ ಒಂದು ಭಾಗ ಹೆಚ್ಚಿತೆಂದು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ದೂರವೇ ತೊಡಕಾದರೆ ಸೈಕಲ್ಲು ಅಥವಾ ವಾಹನ ಸಾಕು. ಶುಲ್ಕ ತೊಡಕಾದರೆ ಶುಲ್ಕ ಕೊಟ್ಟರೆ ಸಾಕು.

ವಸತಿ ನಿಜಕ್ಕೂ ಬೇಕಾಗುವುದು ಯಾರಿಗೆ? ಓಡಾಡಿ ಓದುವ ದೂರದಲ್ಲಿ ಮುಂದಿನ ತರಗತಿಯೇ ಇಲ್ಲದವರಿಗೆ. ಕೆಲಸ ಹುಡುಕಿಕೊಂಡು ವರ್ಷದಲ್ಲಿ ಹಲವು ತಿಂಗಳು ಊರು ಬಿಡುವ ಕುಟುಂಬದ ಮಕ್ಕಳಿಗೆ. ನೋಡಿಕೊಳ್ಳುವ ದೊಡ್ಡವರೇ ಮನೆಯಲ್ಲಿ ಇಲ್ಲದವರಿಗೆ. ಅರ್ಜಿ ನೋಡಿ ಇದನ್ನು ತೀರ್ಮಾನಿಸಲು ಆಗದು, ಮನೆಗೆ ಹೋಗಿ ನೋಡಬೇಕು. ಹೋದಾಗ ಮಗುವನ್ನೇ ಬೇರೆ ಕೂರಿಸಿಕೊಂಡು 'ನಿನಗೆ ಬರಲು ಇಷ್ಟವೇ' ಎಂದು ಕೇಳಿ. 'ಅಪ್ಪ ಹೇಳಿದ್ದಾರೆ' ಎಂಬ ಉತ್ತರ ಬಂದರೆ ಇನ್ನೊಂದು ಸಲ ಹೋಗಬೇಕು.

ನೀರುನೆರಳು:
ಕಟ್ಟಡ ಸಿಕ್ಕಿದೆ ಎಂದಿರಿ. ಅದರಲ್ಲಿ ಬಚ್ಚಲು ಎಷ್ಟು, ಶೌಚಾಲಯ ಎಷ್ಟು?

ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಶಾಲೆಗಳಿಗೆ ಕೊಟ್ಟ ಮಾನದಂಡದಲ್ಲಿ 25 ಹುಡುಗಿಯರಿಗೆ ಒಂದು ಶೌಚಾಲಯ, 50 ಹುಡುಗರಿಗೆ ಒಂದು ಶೌಚಾಲಯ ಮತ್ತು ಮೂತ್ರಾಲಯ ಎಂದಿದೆ. ನಿಮ್ಮ 60 ಹುಡುಗಿಯರಿಗೆ ಆ ಲೆಕ್ಕದಲ್ಲಿ ಮೂರು ಸಾಕು. ವಸತಿಯಲ್ಲಿ ಸಾಕಾಗುವುದಿಲ್ಲ, ಏಕೆಂದರೆ ಎಲ್ಲರೂ ಹೋಗುವುದು ಬೆಳಗ್ಗೆ ಎದ್ದ ಮೇಲಿನ ಒಂದೇ ಗಂಟೆಯೊಳಗೆ. ಒಬ್ಬರಿಗೆ ನಾಲ್ಕು ನಿಮಿಷವೆಂದರೂ 60 ಜನಕ್ಕೆ 240 ನಿಮಿಷ, ನಾಲ್ಕು ಶೌಚಾಲಯ ಬೇಕು. ಯಾವಾಗಲೂ ಒಂದು ಕೆಟ್ಟಿರುತ್ತದೆ, ಐದು ಎಂದಿಟ್ಟುಕೊಳ್ಳಿ. ಹುಡುಗರ ಕಡೆಯೂ ಇದೇ ಲೆಕ್ಕ. ಸ್ನಾನಕ್ಕೆ ಒಬ್ಬರಿಗೆ ಏಳು ನಿಮಿಷದಂತೆ 120 ಜನಕ್ಕೆ 840 ನಿಮಿಷ. ಒಂದೂವರೆ ಗಂಟೆಯಲ್ಲಿ ಮುಗಿಯಬೇಕಾದರೆ ಹತ್ತು ಬಚ್ಚಲು. ಇಷ್ಟು ಇಲ್ಲದ ಕಡೆ ಚಿಕ್ಕ ಮಕ್ಕಳು ಸರದಿ ಸಿಗದೆ ಸ್ನಾನ ಬಿಡುತ್ತಾರೆ, ಮಲ ಕಟ್ಟಿಕೊಂಡು ತರಗತಿಯಲ್ಲಿ ಹೊಟ್ಟೆನೋವೆಂದು ಅಳುತ್ತಾರೆ.

ನೀರು: ವಸತಿ ಶಾಲೆಗೆ ಅದೇ ಮಾನದಂಡದಲ್ಲಿ ತಲಾ ದಿನಕ್ಕೆ 20 ಲೀಟರ್, ಶೌಚಾಲಯಕ್ಕೆ ಸುರಿಯುವ ನೀರು ಬೇರೆ. ಸಿಬ್ಬಂದಿ ಸೇರಿ 135 ಜನಕ್ಕೆ 2,700 ಲೀಟರ್, ಕೈಯಲ್ಲಿ ಸುರಿಯುವ ಶೌಚಾಲಯಕ್ಕೆ ತಲಾ 6 ಲೀಟರಿನಂತೆ ಇನ್ನು 810. ದಿನಕ್ಕೆ ಮೂರೂವರೆ ಸಾವಿರ ಲೀಟರ್ ಅನ್ನಿ. ಇದು ಕನಿಷ್ಠದ ಲೆಕ್ಕ, ಬಟ್ಟೆ ಒಗೆಯುವ ದಿನ ಮೀರುತ್ತದೆ. ಪಂಪು ಸುಟ್ಟರೆ ರಿಪೇರಿಗೆ ಎರಡು ದಿನ ಹಿಡಿಯುತ್ತದೆ, ಆದ್ದರಿಂದ ತೊಟ್ಟಿ 7,000 ಲೀಟರಿಗಿಂತ ಚಿಕ್ಕದಿರಬಾರದು. ಕುಡಿಯುವ ನೀರಿಗೆ ಬ್ಲೀಚಿಂಗ್ ಪುಡಿಯನ್ನು ಚಮಚದ ಲೆಕ್ಕದಲ್ಲಿ ಹಾಕಿ ಸುಮ್ಮನಾಗಬೇಡಿ, ತೆರೆದಿಟ್ಟ ಪುಡಿ ಕೆಲವೇ ವಾರದಲ್ಲಿ ಸತ್ವ ಕಳೆದುಕೊಳ್ಳುತ್ತದೆ. ಹಾಕಿ ಅರ್ಧ ಗಂಟೆಯ ನಂತರ ಪರೀಕ್ಷೆ ಕಿಟ್‌ನಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ನೋಡಿ.

ಇನ್ನು ಬಾಗಿಲು. ಇದನ್ನು ದಯವಿಟ್ಟು ಎಲ್ಲಕ್ಕಿಂತ ಮೇಲೆ ಬರೆದುಕೊಳ್ಳಿ. 2001ರ ಮಾರ್ಚ್‌ನಲ್ಲಿ ಕೀನ್ಯಾದ ಕ್ಯಾಂಗುಲಿ ಶಾಲೆಯ ಮಲಗುವ ಕೋಣೆಗೆ ಬೆಂಕಿ ಬಿದ್ದಾಗ 67 ಹುಡುಗರು ಸತ್ತರು. ಒಂದು ಬಾಗಿಲಿಗೆ ಬೀಗ ಇತ್ತು, ಕಿಟಕಿಗಳಿಗೆ ಸರಳು ಇತ್ತು. 2023ರ ಮೇ ತಿಂಗಳಲ್ಲಿ ಗಯಾನಾದ ಮಹ್ದಿಯಾದಲ್ಲಿ, ದೂರದ ಮೂಲನಿವಾಸಿ ಹಳ್ಳಿಗಳಿಂದ ಓದಲು ಬಂದ ಹುಡುಗಿಯರ ವಸತಿನಿಲಯದಲ್ಲಿ 20 ಮಕ್ಕಳು ಹೋದರು. ಅಲ್ಲೂ ಬೀಗ, ಅಲ್ಲೂ ಸರಳು. ಎರಡೂ ಕಡೆ ಬೆಂಕಿಗಿಂತ ಹೆಚ್ಚು ಕೊಂದದ್ದು ಬೀಗ. ಪ್ರತಿ ಮಲಗುವ ಕೋಣೆಗೂ ಎದುರುಬದುರಾಗಿ ಎರಡು ಬಾಗಿಲು ಇರಲಿ, ಎರಡೂ ಹೊರಕ್ಕೆ ತೆರೆಯಲಿ, ಒಳಗಿದ್ದವರಿಗೆ ಕೀಲಿಯ ಅಗತ್ಯವೇ ಬೀಳಬಾರದು.

ಹೊಸಚಿಗುರು:
ಆದರೆ ಹುಡುಗಿಯರ ಸುರಕ್ಷತೆಗೆ ರಾತ್ರಿ ಬೀಗ ಹಾಕಲೇಬೇಕು ಎಂದು ಪೋಷಕರೇ ಕೇಳುತ್ತಾರಲ್ಲ?

ನೀರುನೆರಳು:
ಹೊರಗಿನವರು ಒಳಗೆ ಬರಬಾರದು, ಒಳಗಿನವರು ಹೊರಗೆ ಬರಲು ಆಗಬೇಕು. ಇವೆರಡೂ ಒಂದೇ ಬಾಗಿಲಲ್ಲಿ ಸಾಧ್ಯ. ಒಳಗಡೆ ಸೊಂಟದ ಎತ್ತರಕ್ಕೆ ಅಡ್ಡಪಟ್ಟಿ, ತಳ್ಳಿದರೆ ತೆರೆದುಕೊಳ್ಳುತ್ತದೆ. ಹೊರಗಡೆ ಹಿಡಿಕೆಯೇ ಇರುವುದಿಲ್ಲ. ಬಾಗಿಲು ತೆರೆದ ತಕ್ಷಣ ವಾರ್ಡನ್ ಕೋಣೆಯಲ್ಲಿ ಗಂಟೆ ಹೊಡೆಯುವಂತೆ ತಂತಿ ಎಳೆಯಿರಿ. ಕಿಟಕಿಯ ಸರಳು ಬೇಕೇ ಬೇಕೆಂದರೆ ಪ್ರತಿ ಕೋಣೆಯಲ್ಲಿ ಕನಿಷ್ಠ ಒಂದು ಜಾಲರಿ ಕೀಲಿನ ಮೇಲೆ ಒಳಗಿನಿಂದ ತೆರೆಯುವಂತಿರಲಿ. ಅಣಕು ಕಸರತ್ತನ್ನು ಹಗಲಲ್ಲಿ ಮಾಡಿದರೆ ಸಾಲದು. ತಿಂಗಳಿಗೊಮ್ಮೆ, ಮಕ್ಕಳು ಮಲಗಿದ ಒಂದು ಗಂಟೆಯ ಮೇಲೆ, ದೀಪ ಆರಿಸಿಕೊಂಡು ಮಾಡಿ. ಎಲ್ಲರೂ ಅಂಗಳದಲ್ಲಿ ನಿಂತು ಹಾಜರಿ ಮುಗಿಯುವವರೆಗಿನ ಹೊತ್ತನ್ನು ಬರೆದಿಡಿ.

ನಿಲಯಪಾಲಕಿ:
ಮೊದಲ ಆರು ವಾರದ ರಾತ್ರಿಗಳ ಬಗ್ಗೆ ಯಾರೂ ಬರೆದಿಲ್ಲ. ವಸತಿ ಶಾಲೆ ಕೈಕೊಡುವುದು ಅಲ್ಲೇ. ಹಗಲು ಮಗು ಆಡುತ್ತದೆ, ಉಣ್ಣುತ್ತದೆ. ದೀಪ ಆರಿದ ಅರ್ಧ ಗಂಟೆಯಲ್ಲಿ ಹೊದಿಕೆಯೊಳಗಿಂದ ಬಿಕ್ಕುವ ಸದ್ದು ಬರುತ್ತದೆ. ಒಂದು ಮಗು ಶುರು ಮಾಡಿದರೆ ಸಾಲಾಗಿ ಐದಾರು. ಆ ಹೊತ್ತಿಗೆ ಕೋಣೆಯಲ್ಲಿ ಎಚ್ಚರವಿರುವ ದೊಡ್ಡವರೊಬ್ಬರು ಓಡಾಡುತ್ತಿರಬೇಕು. ಬೈಯುವುದೂ ಬೇಡ, ಎತ್ತಿ ಮುದ್ದಾಡುವುದೂ ಬೇಡ. ಮಂಚದ ಪಕ್ಕ ಕೂತು, ಹೆಸರು ಹಿಡಿದು ಎರಡು ಮಾತಾಡಿದರೆ ಬಹಳಷ್ಟು ಮಕ್ಕಳು ಮಲಗುತ್ತಾರೆ. ಮನೆಯ ಒಂದು ವಸ್ತು, ಅಮ್ಮನ ಹಳೇ ಸೀರೆಯ ತುಂಡೇ ಇರಲಿ, ಹಾಸಿಗೆಯಲ್ಲಿ ಇಟ್ಟುಕೊಳ್ಳಲು ಬಿಡಿ. 'ಎಲ್ಲವೂ ಹೊಸತು ಕೊಡುತ್ತೇವೆ' ಎಂದು ಮನೆಯದನ್ನೆಲ್ಲ ಕಳಚಿಹಾಕುವುದು ದೊಡ್ಡ ತಪ್ಪು.

ಹಾಸಿಗೆ ಒದ್ದೆ ಮಾಡುವ ಮಕ್ಕಳು ಇದ್ದೇ ಇರುತ್ತಾರೆ. ಮನೆಯಲ್ಲಿ ನಿಂತು ಹೋಗಿದ್ದು ಇಲ್ಲಿ ಮತ್ತೆ ಶುರುವಾಗುವುದೂ ಉಂಟು. ಹಾಸಿಗೆಗೆ ರಬ್ಬರ್ ಶೀಟು ಎಲ್ಲರಿಗೂ ಹಾಕಿ, ಕೆಲವರಿಗೆ ಮಾತ್ರ ಹಾಕಿದರೆ ಅದೇ ಗುರುತಾಗುತ್ತದೆ. ಒಣ ಚಾದರ, ಒಣ ಚಡ್ಡಿ ಬೀರುವಿನ ಕೆಳಗಿನ ಅರೆಯಲ್ಲಿ, ಬೀಗವಿಲ್ಲದೆ, ಮಗು ತಾನೇ ಎದ್ದು ತೆಗೆದುಕೊಳ್ಳುವಂತೆ ಇರಲಿ. ಪಕ್ಕದಲ್ಲಿ ಮುಚ್ಚಳವಿರುವ ಬಕೆಟ್ಟು. ಒದ್ದೆ ಚಾದರ ಅದರಲ್ಲಿ ಬೀಳುತ್ತದೆ, ಬೆಳಗ್ಗೆ ಉಳಿದ ಬಟ್ಟೆಯ ಜೊತೆ ಹೋಗುತ್ತದೆ, ಅಷ್ಟೇ. ಹಾಸಿಗೆಯನ್ನು ಎಲ್ಲರೆದುರು ಬಿಸಿಲಿಗೆ ಹಾಕಿಸಿ ಹೆಸರು ಕೂಗುವ ಕಡೆ ಮಗು ರಾತ್ರಿ ನೀರು ಕುಡಿಯುವುದನ್ನು ಬಿಡುತ್ತದೆ, ಎಚ್ಚರವಾದರೂ ಕತ್ತಲಿಗೆ ಹೆದರಿ ಏಳುವುದಿಲ್ಲ. ಶೌಚಾಲಯದ ದಾರಿಗೆ ರಾತ್ರಿಯಿಡೀ ದೀಪ ಇದ್ದರೆ ಈ ತೊಂದರೆ ಎಷ್ಟೋ ಕಡಿಮೆ.

ಲೆಕ್ಕಪತ್ರ:
ಮೇಡಂ, ಮೊದಲ ತಿಂಗಳು ಪೋಷಕರು ಬರಬಾರದು, ಫೋನೂ ಬೇಡ, ಆಗಲೇ ಮಗು ಹೊಂದಿಕೊಳ್ಳುತ್ತದೆ ಎಂಬ ನಿಯಮ ಹಲವು ಕಡೆ ಇದೆಯಲ್ಲ? ಭೇಟಿ ದಿನ ಮುಗಿದ ಮೇಲೆ ಅಳು ಹೆಚ್ಚುವುದೂ ನಿಜ.

ನಿಲಯಪಾಲಕಿ:
ಅಳು ಹೆಚ್ಚುತ್ತದೆ, ಒಪ್ಪುತ್ತೇನೆ. ಆದರೆ ಅತ್ತ ಮಗು ಮತ್ತೆ ಆಟಕ್ಕೆ ಹೋಗುತ್ತದೆ. ಮನೆಯ ದನಿಯೇ ಕೇಳದ ಮಗು ಸುಮ್ಮನಾಗುತ್ತದೆ. ಆ ಸುಮ್ಮನಿರುವಿಕೆಯನ್ನು 'ಹೊಂದಿಕೊಂಡಿದೆ' ಎಂದು ಬರೆದುಕೊಳ್ಳುವುದು ಅಪಾಯ. ವಾರಕ್ಕೊಮ್ಮೆ ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಫೋನು. ಹೊತ್ತು ನಿಗದಿಯಾಗಿದ್ದರೆ ಮಗು ಕಾಯುತ್ತದೆ, ಇಲ್ಲದಿದ್ದರೆ ದಿನವಿಡೀ ಎದುರು ನೋಡುತ್ತದೆ. ಮಲಗುವ ಮುಂಚೆ ಮಾತ್ರ ಬೇಡ, ಸಂಜೆ ಆಟದ ಮೊದಲು ಇಡಿ. ಮಾತಾಡುವಾಗ ಸಿಬ್ಬಂದಿ ಕಿವಿಗೊಟ್ಟು ನಿಲ್ಲಬಾರದು. ಹೊಡೆತ, ಕೆಟ್ಟ ಸ್ಪರ್ಶ, ಹಸಿವಿನ ವಿಷಯ ಹೊರಗೆ ಬರುವ ಮೊದಲ ದಾರಿಯೇ ಆ ಫೋನು.

ದೂರಿನ ಪೆಟ್ಟಿಗೆ ಆಫೀಸಿನ ಎದುರು ಬೇಡ, ಯಾರು ಹಾಕಿದರೆಂದು ಕಾಣದ ಜಾಗದಲ್ಲಿರಲಿ. ಕೀಲಿ ಸಂಸ್ಥೆಯ ಹೊರಗಿನವರ ಕೈಯಲ್ಲಿರಲಿ. ಅಕ್ಷರ ಬಾರದ ಮಗುವಿಗೆ ಪೆಟ್ಟಿಗೆ ಉಪಯೋಗವಿಲ್ಲ, ಆದ್ದರಿಂದ ಹೊರಗಿನವರೊಬ್ಬರು ತಿಂಗಳಿಗೊಮ್ಮೆ ಬಂದು ಪ್ರತಿ ಮಗುವಿನ ಜೊತೆ, ಎಲ್ಲರಿಗೂ ಕಾಣುವ ಆದರೆ ಯಾರಿಗೂ ಕೇಳದ ಜಾಗದಲ್ಲಿ ಮಾತಾಡಬೇಕು. ದಾನಿಗಳಿರಲಿ, ಟ್ರಸ್ಟಿಗಳಿರಲಿ, ಮುಚ್ಚಿದ ಕೋಣೆಯಲ್ಲಿ ಒಂದು ಮಗುವಿನ ಜೊತೆ ಒಬ್ಬ ದೊಡ್ಡವರು ಮಾತ್ರ ಇರುವಂತಿಲ್ಲ. ಇದಕ್ಕೆ ರಿಯಾಯಿತಿ ಯಾರಿಗೂ ಇಲ್ಲ.

ಶಿಶುವೈದ್ಯ:
ಸೇರುವ ದಿನ ತೂಕ, ಎತ್ತರ, ಕಣ್ಣು, ಕಿವಿ, ಹಲ್ಲು, ಚರ್ಮ, ರಕ್ತದ ಹಿಮೋಗ್ಲೋಬಿನ್, ಲಸಿಕೆ ಚೀಟಿ ಇಷ್ಟನ್ನೂ ನೋಡಿ. ಎರಡು ವಾರ ಮೀರಿದ ಕೆಮ್ಮಿದ್ದರೆ ಕ್ಷಯದ ಪರೀಕ್ಷೆ ಆಗುವವರೆಗೆ ಸಾಮೂಹಿಕ ಕೋಣೆಯಲ್ಲಿ ಮಲಗಿಸಬೇಡಿ. ಹಿಂದೆ ಬಿದ್ದ ಮಕ್ಕಳಲ್ಲಿ ಕಣ್ಣು, ಕಿವಿಯ ತೊಂದರೆಯಿಂದ ಬೋರ್ಡು ಕಾಣದೆ, ಪಾಠ ಕೇಳದೆ ದಡ್ಡರೆನಿಸಿಕೊಂಡವರು ಇರುತ್ತಾರೆ.

ವಸತಿನಿಲಯದ ದೊಡ್ಡ ಕಾಟ ಕಜ್ಜಿ. ಇದು ತೊಲಗದಿರಲು ಕಾರಣ ಔಷಧ ಅಲ್ಲ, ಹಚ್ಚುವ ಕ್ರಮ. ಮೊದಲ ಸಲ ತಗುಲಿದಾಗ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಷ್ಟರಲ್ಲಿ ಅಕ್ಕಪಕ್ಕದವರಿಗೆ ಹಬ್ಬಿರುತ್ತದೆ. ತುರಿಸುವವರಿಗಷ್ಟೇ ಹಚ್ಚಿದರೆ ತುರಿಸದವರಿಂದ ಮತ್ತೆ ಬರುತ್ತದೆ. ಆದ್ದರಿಂದ ಕೋಣೆಯ ಎಲ್ಲರಿಗೂ, ವಾರ್ಡನ್ ಸೇರಿ, ಒಂದೇ ರಾತ್ರಿ ಹಚ್ಚಬೇಕು. ಶೇಕಡಾ 5ರ ಪರ್ಮೆಥ್ರಿನ್ ಮುಲಾಮು ಕುತ್ತಿಗೆಯಿಂದ ಅಂಗಾಲಿನವರೆಗೆ, ಬೆರಳ ಸಂದು, ಉಗುರಡಿ, ಹೊಕ್ಕುಳು, ತೊಡೆಸಂದು ಬಿಡದೆ. 8ರಿಂದ 14 ಗಂಟೆ ಬಿಟ್ಟು ತೊಳೆಯಬೇಕು, ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಬೇಕು. ಒಂದು ವಾರದ ಮೇಲೆ ಇನ್ನೊಮ್ಮೆ. ಅದೇ ಬೆಳಗ್ಗೆ ಬಟ್ಟೆ, ಚಾದರ ಬಿಸಿನೀರಿಗೆ. ಕಂಬಳಿಯಂಥ ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಡಿ, ಕಜ್ಜಿ ತರುವ ಹುಳು ಮೈ ಬಿಟ್ಟು ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಹುಳು ಸತ್ತ ಮೇಲೂ ಎರಡರಿಂದ ನಾಲ್ಕು ವಾರ ತುರಿಕೆ ಇರುತ್ತದೆ, ಗಾಬರಿಯಾಗಿ ದಿನಾ ಹಚ್ಚಬೇಡಿ. ರಜೆಯಿಂದ ಮರಳಿದ ದಿನ ಮತ್ತೆ ಎಲ್ಲರ ಬೆರಳ ಸಂದು ನೋಡಿ.

ಓದುಬರಹ:
ಪಾಠದ ಬಗ್ಗೆ. 5ನೇ ತರಗತಿಗೆ ಬಂದ 20 ಮಕ್ಕಳಲ್ಲಿ ಪಠ್ಯಪುಸ್ತಕ ಓದಲಾರದವರು ಬಹಳ ಮಂದಿ ಇರುತ್ತಾರೆ. ಮೊದಲ ವಾರ ಒಬ್ಬೊಬ್ಬರನ್ನೇ ಕೂರಿಸಿ ಐದು ಹಂತದಲ್ಲಿ ನೋಡಿ: ಏನೂ ಬಾರದು, ಅಕ್ಷರ, ಪದ, ಪ್ಯಾರಾ, ಕಥೆ. ಪ್ರಥಮ್ ಸಂಸ್ಥೆಯವರು ಬಳಕೆಗೆ ತಂದ ಕ್ರಮ ಇದು, ಒಂದು ಮಗುವಿಗೆ ಹತ್ತು ನಿಮಿಷ ಸಾಕು. ಹಳೇ ಪಾಠಪುಸ್ತಕ ಕೊಟ್ಟು ಪರೀಕ್ಷಿಸಬೇಡಿ, ಬಾಯಿಪಾಠವಾಗಿರುತ್ತದೆ. ಮಗು ಗಡಗಡ ಓದುತ್ತಿರುವಾಗ ಸಾಲಿನ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು 'ಇದೇನು?' ಎಂದು ಕೇಳಿ. ಅಲ್ಲಿ ನಿಂತು, ಸಾಲಿನ ಮೊದಲಿನಿಂದ ಗುನುಗಿಕೊಂಡು ಬಂದರೆ ಅದು ಓದಲ್ಲ. ಕನ್ನಡದಲ್ಲಿ 'ಅಕ್ಕ', 'ಅಮ್ಮ' ಸಲೀಸಾಗಿ ಓದುವ ಮಗು 'ಪುಷ್ಪ' ಬಂದರೆ 'ಪುಷಪ' ಎನ್ನುತ್ತದೆ. ಸಜಾತೀಯ ಒತ್ತು ಕಣ್ಣಿಗೆ ರೂಢಿಯಾಗಿರುತ್ತದೆ, ವಿಜಾತೀಯ ಒತ್ತು ಕಲಿತಿರುವುದಿಲ್ಲ. ಮೊದಲ ಮೂರು ತಿಂಗಳು ದಿನಕ್ಕೆ ಒಂದೂವರೆ ಗಂಟೆ, ತರಗತಿ ಮರೆತು, ಹಂತದ ಪ್ರಕಾರ ಗುಂಪು ಮಾಡಿ ಓದಿಸಿ. ಇದಾಗದೆ ರಾತ್ರಿ ಎರಡು ಗಂಟೆ 'ಸ್ಟಡಿ' ಕೂರಿಸಿದರೆ ಓದಲು ಬಾರದ ಮಗು ಪುಟ ನೋಡುತ್ತ ನಿದ್ದೆ ತೂಗುತ್ತದೆ.

ಮನೆಮಾತಿನಲ್ಲಿ ಮಾತಾಡಿದ್ದಕ್ಕೆ ದಂಡ, ಶಿಕ್ಷೆ ಬೇಡವೇ ಬೇಡ. ಕೆನಡಾದಲ್ಲಿ ಒಂದೂವರೆ ಲಕ್ಷದಷ್ಟು ಮೂಲನಿವಾಸಿ ಮಕ್ಕಳನ್ನು ವಸತಿ ಶಾಲೆಗಳಿಗೆ ಹಾಕಿ ಅವರ ಭಾಷೆಯನ್ನೇ ಬಾಯಿಂದ ಕಿತ್ತುಕೊಂಡದ್ದು 2015ರ ಸತ್ಯಶೋಧನಾ ಆಯೋಗದ ವರದಿಯಲ್ಲಿ ದಾಖಲಾಗಿದೆ. ಅದನ್ನೂ ಉದ್ಧಾರದ ಹೆಸರಿನಲ್ಲೇ ಮಾಡಿದರು. ರಜೆಯಲ್ಲಿ ಅಜ್ಜಿಯ ಜೊತೆ ಮಾತಾಡಲು ಆಗದ ಮಗುವನ್ನು ನಾವು ತಯಾರು ಮಾಡಬಾರದು.

ದಾನಿಗಳಿಗೆ ಮೊದಲೇ ಹೇಳಿಡಿ, ಮೊದಲ ವರ್ಷ ಅಂಕ ಏರುವುದಿಲ್ಲ. ಫ್ರಾನ್ಸಿನಲ್ಲಿ ಹಿಂದುಳಿದ ಕುಟುಂಬದ ಮಕ್ಕಳಿಗೆಂದು 2009ರಲ್ಲಿ ತೆರೆದ ವಸತಿ ಶಾಲೆಯನ್ನು ಲಾಟರಿಯಲ್ಲಿ ಸೀಟು ಸಿಕ್ಕವರನ್ನು ಸಿಗದವರೊಂದಿಗೆ ಹೋಲಿಸಿ ಅಧ್ಯಯನ ಮಾಡಿದಾಗ ಮೊದಲ ವರ್ಷ ಅಂಕದಲ್ಲಿ ವ್ಯತ್ಯಾಸವಿರಲಿಲ್ಲ, ನೆಮ್ಮದಿ ಕುಗ್ಗಿತ್ತು. ಎರಡನೇ ವರ್ಷದ ಕೊನೆಗೆ ಗಣಿತ ಚೆನ್ನಾಗಿ ಏರಿತು, ಅದೂ ಹೆಚ್ಚಾಗಿ ಮೊದಲೇ ಮುಂದಿದ್ದವರಲ್ಲಿ.

ಹೊಸಚಿಗುರು:
ಮಕ್ಕಳು ತೋಟ, ಅಡುಗೆಮನೆಯಲ್ಲಿ ಕೆಲಸ ಮಾಡಿದರೆ ಖರ್ಚೂ ಉಳಿಯುತ್ತದೆ, ಶಿಸ್ತೂ ಬರುತ್ತದೆ ಎಂಬ ಸಲಹೆ ಬಂದಿದೆ.

ಲೆಕ್ಕಪತ್ರ:
ಖರ್ಚು ಉಳಿಸುವ ಲೆಕ್ಕದಲ್ಲಿ ಬೇಡ. ಸ್ವಿಟ್ಜರ್ಲೆಂಡಿನ ಶಿಕ್ಷಣ ಸುಧಾರಕ ಪೆಸ್ಟಲೋಜ್ಜಿ 1774ರಲ್ಲಿ ನಾಯ್‌ಹೋಫ್‌ನ ತಮ್ಮ ಜಮೀನಿನಲ್ಲಿ ಬಡ ಮಕ್ಕಳನ್ನು ಇಟ್ಟುಕೊಂಡು ಕಲಿಸಿದಾಗ, ಮಕ್ಕಳ ನೂಲು, ನೇಯ್ಗೆಯ ದುಡಿಮೆಯೇ ಖರ್ಚು ತೂಗಿಸುತ್ತದೆ ಎಂದು ನಂಬಿದ್ದರು. ಅಂಥ ದೊಡ್ಡ ಮನಸ್ಸಿನವರಿಗೂ ತೂಗಲಿಲ್ಲ, ಕೆಲವೇ ವರ್ಷದಲ್ಲಿ ಸಾಲದಲ್ಲಿ ಮುಚ್ಚಬೇಕಾಯಿತು. ತನ್ನ ಹಾಸಿಗೆ, ತನ್ನ ತಟ್ಟೆ, ತನ್ನ ಕೋಣೆ ಗುಡಿಸುವುದು, ದಿನಕ್ಕೆ ಅರ್ಧ ಗಂಟೆ, ಗಂಡು ಹೆಣ್ಣೆಂಬ ಭೇದವಿಲ್ಲದೆ ಇರಲಿ. ಕುದಿಯುವ ಹಂಡೆಯ ಹತ್ತಿರ ಮಕ್ಕಳು ಬೇಡ. ಮಕ್ಕಳನ್ನು ಕೂಲಿಯವರ ಬದಲಿಗೆ ಬಳಸಿದರೆ ಪರೀಕ್ಷೆಯ ಹಿಂದಿನ ದಿನವೂ ಆ ಕೆಲಸ ಅವರ ತಲೆಯ ಮೇಲೇ ಬೀಳುತ್ತದೆ.

ನಿಲಯಪಾಲಕಿ:
ರಜೆಯ ವಿಷಯ ಹೇಳಿ ಮುಗಿಸುತ್ತೇನೆ. ಮಕ್ಕಳು ಶಾಲೆ ಬಿಡುವುದು ನಡುವರ್ಷದಲ್ಲಿ ಅಲ್ಲ, ದೊಡ್ಡ ರಜೆಗೆ ಹೋದವರು ವಾಪಸ್ ಬರುವುದಿಲ್ಲ. ಕಾರಣಗಳು ಸಣ್ಣವೂ ಇರುತ್ತವೆ: ಬರಲು ದುಡ್ಡಿಲ್ಲ, ಸಮವಸ್ತ್ರ ತಮ್ಮನಿಗೆ ಹೋಯಿತು, ಕರೆತರುವವರು ಕೆಲಸಕ್ಕೆ ಹೋಗಿದ್ದಾರೆ. ದೊಡ್ಡವೂ ಇರುತ್ತವೆ: ಕೂಲಿ, ಕೂಸು ನೋಡಿಕೊಳ್ಳುವುದು, ಹುಡುಗಿಯರಿಗೆ ಮದುವೆ. ಹೊರಡುವ ದಿನವೇ ಮರಳುವ ಪ್ರಯಾಣದ ಹಣ ಬೇರೆ ಲಕೋಟೆಯಲ್ಲಿ ಕೊಡಿ, ಲಕೋಟೆಯ ಮೇಲೆ ತಾರೀಖು, ಫೋನ್ ನಂಬರು ದಪ್ಪಕ್ಷರದಲ್ಲಿರಲಿ. ರಜೆಯ ನಡುವೆ ಒಮ್ಮೆ ಫೋನು ಮಾಡಿ. ಶಾಲೆ ತೆರೆದ ಮೂರನೇ ದಿನ ಬಾರದವರ ಪಟ್ಟಿ ಹಿಡಿದು ಮತ್ತೆ ಫೋನು, ಹತ್ತು ದಿನದೊಳಗೆ ಮನೆಗೆ ಹೋಗಬೇಕು. ತಿಂಗಳು ಕಳೆದರೆ ಮಗುವನ್ನು ವಾಪಸ್ ತರುವುದು ಬಹಳ ಕಷ್ಟ.

ಹೊಸಚಿಗುರು:
ಮೊದಲ ವರ್ಷ 20 ಮಕ್ಕಳು ಎಂದು ಟ್ರಸ್ಟ್ ಸಭೆಗೆ ಬರೆದಿಡುತ್ತಿದ್ದೇನೆ. ಹಾಸಿಗೆ ಪಟ್ಟಿಯ ಮೇಲೆ ಬಾಗಿಲು, ಬಚ್ಚಲು, ವಾರ್ಡನ್‌ಗಳು ಬಂದಿವೆ. 20 ಹಳ್ಳಿಗಳಿಂದ ಒಂದೊಂದು ಮಗು ತಂದರೆ ಎಲ್ಲ ಕಡೆಗೂ ನ್ಯಾಯ ಸಿಗುತ್ತದಲ್ಲವೇ?

ನಿಲಯಪಾಲಕಿ:
ಬೇಡ. ಒಂದು ಹಳ್ಳಿಯಿಂದ ಇಬ್ಬರಾದರೂ ಇರಲಿ, ಅಣ್ಣ ತಂಗಿ ಇದ್ದರೆ ಬಿಡಿಸಬೇಡಿ. ಊರಿನ ಸುದ್ದಿ ಹಂಚಿಕೊಳ್ಳಲು ಒಬ್ಬರಿಗೊಬ್ಬರು ಇದ್ದರೆ ಮೊದಲ ಆರು ವಾರ ದಾಟುತ್ತಾರೆ. ರಜೆ ಮುಗಿದಾಗಲೂ ಒಬ್ಬರ ಅಪ್ಪ ಹೊರಟರೆ ಇನ್ನೊಂದು ಮಗುವನ್ನೂ ಜೊತೆಗೆ ಕರೆತರುತ್ತಾರೆ.